ಐದು ಕೈಗವಸಿನ ಪಯಾನೊ

ಬೆಳಗಿನ ಐದೂಕಾಲು. ಸಕ್ಕರೆ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ ಚೆಂಡಿನ ಕೆಂಪು ಹೊಲಿಗೆ ಕಾಣುವಷ್ಟು ಬೆಳಕು ಇನ್ನೂ ಹರಿದಿಲ್ಲ. ಎಲಿಹಿಯೊ ಪಯಾನೊ ಅವರಿಗೆ ಅದು ಬೇಕಾಗಿಯೂ ಇಲ್ಲ. ಹೆಂಡತಿ ಯುಬೆಲ್ಕಿಸ್ ಬ್ಯಾಟಿನಿಂದ ಬಾರಿಸಿದ ಚೆಂಡು ಇಬ್ಬನಿ ಕುಡಿದ ಹುಲ್ಲಿನ ಮೇಲೆ ಸರ್ರನೆ ಬರುತ್ತದೆ. ಅವರು ಬ್ಯಾಟಿನ ಸದ್ದಿನಿಂದಲೇ ದಿಕ್ಕು ಹಿಡಿದು, ಎರಡು ಹೆಜ್ಜೆ ಎಡಕ್ಕೆ ಸರಿದು, ಬಗ್ಗಿ, ಬಾಚಿ, ಎದ್ದು ನಿಲ್ಲುವ ಮೊದಲೇ ಎಸೆದಿರುತ್ತಾರೆ. ಚೆಂಡು, ಓಟಗಾರ ಮುಟ್ಟಬೇಕಾದ ಮೊದಲ ಬೇಸಿನ ಹಿಂದೆ ಕಟ್ಟಿದ ಹಳೆಯ ಮೀನುಬಲೆಗೆ ಬಡಿದು ಸದ್ದಿಲ್ಲದೆ ಕೆಳಗೆ ಬೀಳುತ್ತದೆ.

ಹೀಗೆ ನೂರೈವತ್ತು. ಆಮೇಲೆ ಕೈಗವಸು ಬದಲು. ಹೊರಮೈದಾನಕ್ಕೆ ಓಡಿ, ಅಲ್ಲಿ ಮೇಯುವ ಯಾರದೋ ಆಡುಗಳನ್ನು ಬೇಲಿಗೆ ಅಟ್ಟಿ, ಆಕಾಶಕ್ಕೆ ಹೊಡೆದ ಅರವತ್ತು ಚೆಂಡು ಹಿಡಿಯುತ್ತಾರೆ. ಮತ್ತೆ ಕೈಗವಸು ಬದಲು. ಬ್ಯಾಟುಗಾರನ ಹಿಂದೆ ಕೂರುವ ಕ್ಯಾಚರ್‌ನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಅಲ್ಲಿಂದ ಛಂಗನೆ ಎದ್ದು ಎರಡನೇ ಬೇಸಿಗೆ ನಲವತ್ತು ಎಸೆತ. ಬಲ ಮಂಡಿ ಪ್ರತಿ ಸಲವೂ ಒಣಕಡ್ಡಿ ಮುರಿದಂತೆ ಲಟಕ್ಕೆನ್ನುತ್ತದೆ. ಯುಬೆಲ್ಕಿಸ್ ಎಣಿಸುವುದನ್ನು ನಿಲ್ಲಿಸುವುದಿಲ್ಲ.

"ಮೂವತ್ತೊಂದು. ಏನಯ್ಯಾ, ಮಂಡಿಗೆ ಎಣ್ಣೆ ಬಿಡ್ಲಾ?"

"ಬಾಯಿಗೆ ಬಿಟ್ಕೋ. ಮೂವತ್ತೆರಡು."

ಪಯಾನೊ ಅವರಿಗೀಗ ಮೂವತ್ತೆಂಟು. ವೃತ್ತಿ ಬೇಸ್‌ಬಾಲ್ ಶುರುಮಾಡಿ ಇಪ್ಪತ್ತೊಂದನೆಯ ವರ್ಷ. ಒಂಬತ್ತು ಜನ ಆಡುವ ಆಟದಲ್ಲಿ ಒಂಬತ್ತು ಜಾಗಗಳಿವೆ. ಸಾಮಾನ್ಯವಾಗಿ ಒಬ್ಬನಿಗೆ ಒಂದು ಜಾಗ, ಅದೇ ಅವನ ಹೆಸರು, ಅದೇ ಅವನ ಅನ್ನ. ಪಯಾನೊ ಒಂಬತ್ತರಲ್ಲೂ ಆಡಿದ್ದಾರೆ. ಎರಡನೇ ಬೇಸಿನಲ್ಲಿ ಮುನ್ನೂರ ನಲವತ್ತು ಪಂದ್ಯ, ಎಡ ಹೊರಮೈದಾನದಲ್ಲಿ ಹತ್ತಿರ ಹತ್ತಿರ ಮುನ್ನೂರು, ಕ್ಯಾಚರ್ ಆಗಿ ನೂರ ಹನ್ನೆರಡು, ತಂಡ ಸೋತು ಸುಣ್ಣವಾಗಿ ಎಸೆಯಲು ಯಾರೂ ಉಳಿಯದಿದ್ದಾಗ ಪಿಚರ್ ಆಗಿ ಏಳು. ಅವರ ಚೀಲದಲ್ಲಿ ಐದು ಕೈಗವಸುಗಳಿವೆ. ಕ್ಯಾಚರ್‌ನದು ದಪ್ಪ, ಮೊದಲ ಬೇಸಿನದು ಮೊರದಂತೆ ಅಗಲ, ನಡುವಿನ ಎರಡು ಜಾಗಗಳಿಗೆ ಪುಟ್ಟದು, ಮೂರನೇ ಬೇಸಿಗೆ ಅದಕ್ಕಿಂತ ಒಂದು ಬೆರಳು ದೊಡ್ಡದು, ಹೊರಮೈದಾನಕ್ಕೆ ಉದ್ದನೆಯದು. ಐದಕ್ಕೂ ಅವರೇ ದಾರ ಹಾಕುತ್ತಾರೆ, ಅವರೇ ಎಣ್ಣೆ ತಿಕ್ಕುತ್ತಾರೆ. ಬೇರೆಯವರು ಮುಟ್ಟಿದರೆ ಸಿಡುಕುತ್ತಾರೆ.

ನಮ್ಮೂರಿನ ತಂಡ ಗಾರ್ಸಾಸ್, ಅಂದರೆ ಬೆಳ್ಳಕ್ಕಿಗಳು. ಹನ್ನೆರಡು ಚಳಿಗಾಲ ಪಯಾನೊ ಆ ತಂಡಕ್ಕೆ ಆಡಿದರು. ಆಟ ಶುರುವಾಗುವ ಮೊದಲು ಒಂಬತ್ತು ಜನರ ಹೆಸರು ಕೂಗುವಾಗ ಅವರ ಹೆಸರು ಅಪರೂಪಕ್ಕೆ ಬರುತ್ತಿತ್ತು. ಯಾರದೋ ತೊಡೆ ಹಿಡಿದುಕೊಂಡಾಗ, ಯಾರಿಗೋ ಮಗು ಹುಟ್ಟಿದಾಗ, ಯಾರೋ ವೀಸಾ ಕಚೇರಿಯ ಸಾಲಿನಲ್ಲಿ ನಿಂತಾಗ ಬರುತ್ತಿತ್ತು. ರೇಡಿಯೊದಲ್ಲಿ ಆಟ ವರ್ಣಿಸುವವನು ಇಟ್ಟ ಹೆಸರು 'ತೇಪೆ'. ಊರೆಲ್ಲ ಹಾಗೇ ಕರೆಯಿತು. ಹತ್ತೊಂಬತ್ತು ವರ್ಷದಿಂದ ಈ ಊರಿನಲ್ಲಿದ್ದು ಪತ್ರಿಕೆಗೆ ಬರೆಯುವ ನಾನೂ ಹಾಗೇ ಕರೆದೆ, ನಗುತ್ತಲೇ ಕರೆದೆ. ಹೋದ ಜನವರಿಯ ಒಂದು ಭಾನುವಾರದವರೆಗೆ.

ಅದಕ್ಕೆ ಮೊದಲು ಅವರ ಹಿಂದಿನದನ್ನು ಹೇಳಬೇಕು.

ಪಯಾನೊ ಹುಟ್ಟಿದ್ದು ಕಾರ್ಖಾನೆಯ ಕಬ್ಬುಗಾರರ ಕೇರಿಯಲ್ಲಿ. ಅಪ್ಪ ಕಬ್ಬು ತೂಗುವ ಅಂಗಳದಲ್ಲಿ ಕೆಲಸಕ್ಕಿದ್ದರು. ಅಮ್ಮ ಗೇಟಿನ ಮುಂದೆ ಬಾಣಲೆ ಇಟ್ಟು, ಹಿಟ್ಟಿನ ಯಾನಿಕೆಕೆ ಕರಿದು ಪಾಳಿ ಮುಗಿಸಿ ಬಂದವರಿಗೆ ಮಾರುತ್ತಿದ್ದರು. ಕಾರ್ಖಾನೆಗೊಂದು ಬೇಸ್‌ಬಾಲ್ ತಂಡವಿತ್ತು, ಆಡುವವರೆಲ್ಲ ಕೆಲಸಗಾರರು. ಭಾನುವಾರವೂ ಪಾಳಿ ತಪ್ಪುತ್ತಿರಲಿಲ್ಲವಾದ್ದರಿಂದ ಪ್ರತಿ ವಾರ ಯಾರಾದರೊಬ್ಬರು ಇರುತ್ತಿರಲಿಲ್ಲ. ಹದಿಮೂರರ ಎಲಿಹಿಯೊ ಬೇಲಿಯ ಹತ್ತಿರ ಕಾದು ನಿಂತಿರುತ್ತಿದ್ದ. ಬಾಯ್ಲರಿನವನಿಗೆ ಪಾಳಿ ಬಿದ್ದರೆ ಆ ವಾರ ಮೂರನೇ ಬೇಸ್. ಕ್ರೇನಿನವನಿಗೆ ಬಿದ್ದರೆ ನಡು ಹೊರಮೈದಾನ.

"ನಂಗೆ ಯಾರೂ ಆಟ ಕಲಿಸ್ಲಿಲ್ಲ" ಎನ್ನುತ್ತಾರೆ ಪಯಾನೊ. "ಕಾರ್ಖಾನೆ ಸೈರನ್ ಕಲಿಸ್ತು. ಅದು ಯಾರನ್ನ ಕರ್ಕೊಂಡು ಹೋಗತ್ತೋ ಅವರ ಜಾಗ ನಂದು. ಹದಿನೈದು ತುಂಬೋ ಹೊತ್ತಿಗೆ ಒಂಬತ್ತೂ ಆಗಿತ್ತು. ಅದೇನೋ ದೊಡ್ಡ ವಿದ್ಯೆ ಅಂತ ಆಗ ಗೊತ್ತಿರ್ಲಿಲ್ಲ. ಎಲ್ಲರಿಗೂ ಬರತ್ತೆ ಅನ್ಕೊಂಡಿದ್ದೆ."

ಹದಿನೇಳನೆಯ ವಯಸ್ಸಿನಲ್ಲಿ ಅಮೆರಿಕದ ಒಂದು ತಂಡ ಅವರನ್ನು ಶಾರ್ಟ್‌ಸ್ಟಾಪ್ ಜಾಗಕ್ಕೆಂದು ತೆಗೆದುಕೊಂಡಿತು. ಎರಡನೇ ಮತ್ತು ಮೂರನೇ ಬೇಸಿನ ನಡುವಿನ ಆ ಜಾಗ ಮೈದಾನದ ರಾಜನದು, ಈ ದೇಶದ ಪ್ರತಿ ತಾಯಿಯೂ ಮಗನಿಗೆ ಬಯಸುವಂಥದ್ದು. ಮೂರು ವರ್ಷ ಅಲ್ಲಿನ ಕೆಳಹಂತದ ತಂಡಗಳಲ್ಲಿ ಅದನ್ನೇ ಆಡಿದರು. ನಾಲ್ಕನೆಯ ವಸಂತದಲ್ಲಿ ಅದೇ ಜಾಗಕ್ಕೆ ಇನ್ನೊಬ್ಬ ಬಂದ. ಆರಡಿ ಎರಡಂಗುಲ ಎತ್ತರ, ಕರೆತರುವಾಗಲೇ ಪತ್ರಿಕೆಯಲ್ಲಿ ಫೋಟೊ. ಅವತ್ತು ಬೆಳಿಗ್ಗೆ ತರಬೇತುದಾರ ದುಭಾಷಿಯ ಬಾಯಲ್ಲಿ, ನೀನು ಇವತ್ತಿನಿಂದ ಎಡ ಹೊರಮೈದಾನಕ್ಕೆ ಹೋಗು ಎಂದು ಹೇಳಿಸಿದರು. ಪಯಾನೊ ಸರಿ ಎಂದರು. ನಾಳೆ ಎಲ್ಲಿಗೆ ಎಂದೂ ಕೇಳಿದರು. ದುಭಾಷಿ ಅದನ್ನು ಅತ್ತ ದಾಟಿಸಲಿಲ್ಲವಂತೆ, ತಮಾಷೆ ಅಂದುಕೊಂಡನಂತೆ.

"ತಮಾಷೆ ಅಲ್ಲ ಅದು. ಒಂದು ಜಾಗದಿಂದ ಎಬ್ಬಿಸ್ತೀರಾ? ಎಬ್ಬಿಸಿ. ಎಂಟು ಕಲಿತಿರ್ತೀನಿ. ಎಂಟರಿಂದ್ಲೂ ಒಟ್ಟಿಗೆ ಎಬ್ಬಿಸೋಕಾಗಲ್ವಲ್ಲ."

ಕೆಳಹಂತದಲ್ಲಿ ಹನ್ನೊಂದು ವರ್ಷ ಹೋಯಿತು. ಬಸ್ಸಿನಲ್ಲಿ ಹದಿನಾಲ್ಕು ಗಂಟೆ ಪ್ರಯಾಣ, ಇಳಿದ ಕೂಡಲೇ ಆಟ. ಕಾಲರ್ ಮೂಳೆ ಒಮ್ಮೆ, ಬಲಗೈ ಬೆರಳುಗಳು ಮೂರು ಸಲ, ಮಂಡಿಗೆ ಶಸ್ತ್ರಚಿಕಿತ್ಸೆ ಎರಡು ಸಲ. ಎಲ್ಲರೂ ಕನಸು ಕಾಣುವ ಮೇಲಿನ ದೊಡ್ಡ ಲೀಗಿನಿಂದ ಎರಡು ಬಾರಿ ಕರೆ ಬಂತು. ಎರಡೂ ಸೇರಿ ಇಪ್ಪತ್ತಮೂರು ದಿನ. ಒಂಬತ್ತು ಪಂದ್ಯ, ಐದು ಜಾಗ. ಎರಡನೆಯ ಬಾರಿಯ ಕೊನೆಯ ಪಂದ್ಯದಲ್ಲಿ ಎಡ ಹೊರಮೈದಾನದಿಂದ ನೇರ ಎಸೆದು, ಗೆಲುವಿನ ಓಟಕ್ಕೆ ನುಗ್ಗುತ್ತಿದ್ದವನನ್ನು ಔಟ್ ಮಾಡಿಸಿದರು. ಮೈದಾನದಲ್ಲಿದ್ದ ಮೂವತ್ತು ಸಾವಿರ ಜನ ಎದ್ದು ನಿಂತರು. ಮರುದಿನ ಬೆಳಿಗ್ಗೆ ಕೆಳಕ್ಕೆ ಕಳಿಸಿದರು.

ಯಾಕೆ ಎಂದು ಕೇಳಿದೆ.

ಪಯಾನೊ ಕೈಗವಸಿನ ದಾರ ಬಿಗಿದು ಗಂಟು ಹಾಕಿದರು. "ಯಾರನ್ನಾದ್ರೂ ಒಬ್ಬನ್ನ ಕಳಿಸ್ಬೇಕಿತ್ತು. ಬೇರೆಯವರು ಬೇಜಾರ್ ಮಾಡ್ಕೋತಾರೆ, ನೀನು ಎಲ್ಲಿಗೆ ಹಾಕಿದ್ರೂ ಹೊಂದ್ಕೋತೀಯ, ಅದಕ್ಕೆ ನೀನೇ ಹೋಗು ಅಂದ್ರು. ನನ್ನ ಕೈಲಿದ್ದ ವಿದ್ಯೆನೇ ನನ್ನ ಬೆನ್ನಿಗೆ ಚುಚ್ಚಿದ್ರು ನೋಡಿ."

ಮೇಲಿಂದ ಮತ್ತೆ ಕರೆ ಬರಲಿಲ್ಲ. ಬೇಸಿಗೆಯಲ್ಲಿ ಮೆಕ್ಸಿಕೊದ ತಂಡವೊಂದಕ್ಕೆ, ಚಳಿಗಾಲದಲ್ಲಿ ನಮ್ಮ ಬೆಳ್ಳಕ್ಕಿಗಳಿಗೆ ಆಡುತ್ತ ವರ್ಷ ಕಳೆದರು. ಈ ನಡುವೆ ಯುಬೆಲ್ಕಿಸ್ ಜೊತೆ ಮದುವೆಯಾಯಿತು. ಅವರು ಸಾಫ್ಟ್‌ಬಾಲ್ ಆಡುವ ಮನೆಯಿಂದ ಬಂದವರು. ಮಾರುಕಟ್ಟೆಯ ಹಿಂದೆ ಹೆಂಗಸರ ಸಲೂನು ನಡೆಸುತ್ತಾರೆ, ಎಂಟಕ್ಕೆ ಬಾಗಿಲು ತೆಗೆಯುತ್ತಾರೆ. ಅದಕ್ಕೇ ಅಭ್ಯಾಸ ಐದೂಕಾಲಿಗೆ. ಗಂಡ ಒಂಬತ್ತು ಜಾಗದಲ್ಲಿ ಆಡುತ್ತಾನಂತಲ್ಲ ಎಂದು ಗಿರಾಕಿಗಳು ಕೇಳಿದರೆ ಅವರ ಉತ್ತರ ಸಿದ್ಧವಿರುತ್ತದೆ: "ಮೈದಾನದಲ್ಲಿ ಒಂಬತ್ತು. ಮನೇಲಿ ಅವನಿಗೆ ಗೊತ್ತಿರೋದು ಒಂದೇ ಜಾಗ ಕಣೇ, ಊಟದ ಮೇಜು."

ಹೋದ ಡಿಸೆಂಬರಿನ ಕೊನೆಯ ವಾರ ಅದೇ ಸಲೂನಿನಲ್ಲಿ, ಕೂದಲು ಒಣಗಿಸುವ ಯಂತ್ರದ ಕೆಳಗೆ ಕೂತಿದ್ದ ಗಿರಾಕಿಯೊಬ್ಬಳು ಯುಬೆಲ್ಕಿಸ್‌ಗೆ ಕೇಳಿದಳು, ನಿನ್ನ ಗಂಡನ ಕೊನೇ ಆಟಕ್ಕೆ ನಮಗೂ ಎರಡು ಟಿಕೆಟ್ ಸಿಗುತ್ತಾ ಎಂದು. ಯಾವ ಕೊನೇ ಆಟ? ಔಷಧಿ ಅಂಗಡಿಯ ಗೋಡೆಗೆ ಹಚ್ಚಿದ್ದಾರಲ್ಲ ಎಂದಳು ಅವಳು. ಯುಬೆಲ್ಕಿಸ್ ಬಾಚಣಿಗೆ ಕೈಯಲ್ಲೇ ಹಿಡಿದು ಹೋಗಿ ನೋಡಿದರು. ಆಳೆತ್ತರದ ಪೋಸ್ಟರು. ನಗುವ ಪಯಾನೊ, ದೇವರ ಪಟದಂತೆ ಮೈತುಂಬ ಕೈ, ಕೈಗೊಂದು ಕೈಗವಸು. ಕೆಳಗೆ ಹೀಗೆ: ಒಂಬತ್ತು ಇನ್ನಿಂಗ್ಸ್, ಒಂಬತ್ತು ಜಾಗ, ಒಬ್ಬ ಪಯಾನೊ. ಬನ್ನಿ, ತೇಪೆಗೆ ವಿದಾಯ ಹೇಳಿ.

ಪಯಾನೊಗೆ ಯಾರೂ ಒಂದು ಮಾತು ಕೇಳಿರಲಿಲ್ಲ.

ತಂಡದ ವ್ಯವಸ್ಥಾಪಕ ರದಮೇಸ್ ಬಾಯೆಸ್ತೆರೊ ಆ ವರ್ಷವಷ್ಟೇ ಬಂದವರು, ಚುರುಕು ಮನುಷ್ಯ. ಯೋಜನೆ ಅವರದು. ಲೀಗಿನ ಕೊನೆಯ ಪಂದ್ಯ ಉತ್ತರ ಕರಾವಳಿಯ ಕರೇಯೆಸ್ ತಂಡದ ಜೊತೆ. ಬೆಳ್ಳಕ್ಕಿಗಳು ಅಷ್ಟರಲ್ಲಾಗಲೇ ಮುಂದಿನ ಸುತ್ತಿಗೆ ಹೋಗಿದ್ದರಿಂದ ಸೋತರೂ ಗೆದ್ದರೂ ನಮಗೆ ವ್ಯತ್ಯಾಸವಿರಲಿಲ್ಲ. ಹಾಗಾಗಿ ಒಂದೊಂದು ಇನ್ನಿಂಗ್ಸಿಗೆ ಒಂದೊಂದು ಜಾಗದಲ್ಲಿ ಪಯಾನೊರನ್ನು ನಿಲ್ಲಿಸುವುದು, ಕೊನೆಗೆ ಹೂಮಾಲೆ, ಬ್ಯಾಂಡು. ಅವತ್ತೇ ನಿವೃತ್ತಿಯ ಪತ್ರಕ್ಕೆ ಸಹಿ, ಮಾರನೆಯ ದಿನದಿಂದ ತಂಡದ ತರಬೇತಿ ಶಾಲೆಯಲ್ಲಿ ಕೆಲಸ. ಹೊರಗಿನಿಂದ ನೋಡಿದರೆ ಇದರಲ್ಲಿ ತಪ್ಪೇನಿದೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಟಿಕೆಟ್ ತೆಗೆದಿಟ್ಟುಕೊಂಡಿದ್ದೆ.

ಪಯಾನೊ ಮರುದಿನ ಕಚೇರಿಗೆ ಹೋದರು. ಅವತ್ತು ಅಲ್ಲಿ ತಂಡದ ತರಬೇತುದಾರ, ಎಲ್ಲರೂ ದೋನ್ ಫೌಸ್ತೊ ಎಂದು ಕರೆಯುವ ಅರವತ್ತೈದರ ಹಿರಿಯರು, ಗೋಡೆಗೊರಗಿ ನಿಂತಿದ್ದರು. ನಡೆದದ್ದನ್ನು ನನಗೆ ಹೇಳಿದವರು ಅವರೇ. ಪಯಾನೊ ಕೂರಲಿಲ್ಲವಂತೆ, ದನಿ ಏರಿಸಲೂ ಇಲ್ಲವಂತೆ. ಈ ಪಂದ್ಯ ನಮಗೆ ಏನೂ ಅಲ್ಲದಿರಬಹುದು, ಕರೇಯೆಸ್‌ಗೆ ಹಾಗಲ್ಲ; ಗೆದ್ದರೆ ಅವರು ಮುಂದಿನ ಸುತ್ತಿಗೆ, ಸೋತರೆ ಅವರ ಜಾಗಕ್ಕೆ ಇನ್ನೊಂದು ತಂಡ; ಎರಡು ತಂಡದ ಹಣೆಬರಹ ತೂಗುತ್ತಿರುವಾಗ ನಾವು ಜಾತ್ರೆ ಮಾಡಬಾರದು ಎಂದರಂತೆ. ಅದೊಂದು ಸಂಜೆಯ ಸಂತೋಷ, ಅಷ್ಟು ತಲೆಕೆಡಿಸಿಕೊಳ್ಳಬೇಡ ಎಂದು ರದಮೇಸ್ ನಕ್ಕರು. ಆಗ ಪಯಾನೊ ಹೇಳಿದ ಮಾತನ್ನು ದೋನ್ ಫೌಸ್ತೊ ಅಕ್ಷರ ಬಿಡದೆ ಒಪ್ಪಿಸುತ್ತಾರೆ.

"ಇಪ್ಪತ್ತು ವರ್ಷ ಬೇರೆಯವರಿಗೆ ಜಾಗ ಬಿಟ್ಟು ಬಿಟ್ಟು ಆಡಿದೀನಿ. ಈಗ ನನ್ನ ಮೆರವಣಿಗೆಗೋಸ್ಕರ ಒಂದೊಂದು ಇನ್ನಿಂಗ್ಸಿಗೂ ಒಬ್ಬೊಬ್ಬನ್ನ ಅವನ ಜಾಗದಿಂದ ಎಬ್ಬಿಸ್ತೀರಾ? ಎಬ್ಬಿಸೋದು ಹೇಗಿರತ್ತೆ ಅಂತ ನಂಗೆ ಗೊತ್ತು. ನಾನು ಹೋದ ಕಡೆ ಎಲ್ಲ ಒಂದು ತೂತಿತ್ತು, ಅದಕ್ಕೆ ಹೋದೆ. ತೂತಿಲ್ಲದ ಬಟ್ಟೆಗೆ ತೇಪೆ ಹಾಕಿದ್ರೆ ಅದು ಕೋಡಂಗಿ ವೇಷ. ನಾನು ಹಾಕಲ್ಲ."

ಸಹಿಯೂ ಇಲ್ಲವೇ ಎಂದು ರದಮೇಸ್ ಕೇಳಿದರು. ಇಲ್ಲ, ನಾನಿನ್ನೂ ಮುಗಿದಿಲ್ಲ ಎಂದರು ಪಯಾನೊ.

"ಹಾಗಾದ್ರೆ ಬೆಂಚಿನ ಮೇಲೆ ಕೂತಿರು" ಎಂದರು ರದಮೇಸ್. "ಅದೂ ಒಂದು ಜಾಗನೇ, ಹತ್ತನೇದು. ಅದೊಂದು ನೀನು ಚೆನ್ನಾಗಿ ಆಡ್ತೀಯ."

ಸುದ್ದಿ ಊರಿಗೆ ಹರಡಿತು. ಊರು ಪಯಾನೊರ ಪರವಾಗಿರಲಿಲ್ಲ. ಪೋಸ್ಟರಿನ ಮೇಲೆ 'ರದ್ದು' ಎಂದು ಪಟ್ಟಿ ಅಂಟಿಸಿದ ದಿನ ಮೂಲೆಯಂಗಡಿಯ ಡಾಮಿನೊ ಮೇಜುಗಳಲ್ಲಿ ಅದೇ ಮಾತು. ತೇಪೆಗೆ ತಾನೇ ಬಟ್ಟೆ ಅನ್ನೋ ಸೊಕ್ಕು ಬಂದಿದೆ ಎಂದ ರೇಡಿಯೊದವನು. ಕೈಗೆ ಬಂದ ಗೌರವವನ್ನು ಕಾಲಲ್ಲಿ ಒದ್ದ ಎಂದರು ಕೆಲವರು.  ಐದು ಪಂದ್ಯಗಳಲ್ಲಿ ಪಯಾನೊರನ್ನು ಬೆಂಚಿನಿಂದ ಎಬ್ಬಿಸಲಿಲ್ಲ. ಆದರೂ ದಿನಾ ಬೆಳಿಗ್ಗೆ ಐದೂಕಾಲಿಗೆ ಕಾರ್ಖಾನೆಯ ಮೈದಾನದಲ್ಲಿ ನೂರೈವತ್ತು, ಅರವತ್ತು, ನಲವತ್ತು ತಪ್ಪಲಿಲ್ಲ. ಆಡಿಸದವರಿಗೆ ಯಾಕೆ ಇಷ್ಟು ಬೆವರು ಎಂದು ಯುಬೆಲ್ಕಿಸ್ ಒಂದು ದಿನ ಬ್ಯಾಟು ಕೆಳಗೆ ಹಾಕಿದರಂತೆ. ಪಯಾನೊ ಬ್ಯಾಟನ್ನು ಎತ್ತಿ ಮತ್ತೆ ಅವರ ಕೈಗೆ ಕೊಟ್ಟು ತಮ್ಮ ಜಾಗಕ್ಕೆ ಹೋಗಿ ನಿಂತರಂತೆ.

ಆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಪಂದ್ಯ. ಟಿಕೆಟ್ ಮೊದಲೇ ಮಾರಿಹೋಗಿದ್ದರಿಂದ ಮೈದಾನ ತುಂಬಿತ್ತು, ಬಂದವರೆಲ್ಲ ಮುನಿಸಿಕೊಂಡೇ ಬಂದಿದ್ದರು. ಪಯಾನೊ ಬೆಂಚಿನ ತುದಿಯಲ್ಲಿ ಕಾಣಿಸಿದ ಕೂಡಲೇ ಮೂರನೇ ಬೇಸಿನ ಕಡೆಯಿಂದ ಶಿಳ್ಳೆ, ಕೂಗು. ಯಾರೋ ಕಿತ್ತಳೆ ಸಿಪ್ಪೆ ಎಸೆದರು. ಅವರು ಸಿಪ್ಪೆಯನ್ನು ಎತ್ತಿ ಬುಟ್ಟಿಗೆ ಹಾಕಿ ಮತ್ತೆ ಕೂತರು. ಕೈ ಮಾತ್ರ ಚೀಲದೊಳಗೆ ಕೈಗವಸುಗಳನ್ನು ಜೋಡಿಸುತ್ತಲೇ ಇತ್ತು.

ನಾಲ್ಕು ಇನ್ನಿಂಗ್ಸ್ ಮುಗಿದಾಗ ಎರಡೂ ತಂಡ ಎರಡೆರಡು ಓಟದಲ್ಲಿದ್ದವು. ಐದನೆಯದರಲ್ಲಿ ನಮ್ಮ ಎರಡನೇ ಬೇಸಿನ ಆಟಗಾರನ ಕಣಕಾಲು ಉಳುಕಿತು. ಇಬ್ಬರು ಹೆಗಲು ಕೊಟ್ಟು ಕರೆತಂದರು. ಬೆಂಚಿನಲ್ಲಿ ಪಯಾನೊ ಬಿಟ್ಟರೆ ಉಳಿದವರು ಪಿಚರ್‌ಗಳು, ಮತ್ತೆ ಹೊರಮೈದಾನ ಬಿಟ್ಟು ಬೇರೆ ಕಡೆ ನಿಂತೇ ಗೊತ್ತಿಲ್ಲದ ಇಬ್ಬರು. ಯಾರಿಗೆ ಪೆಟ್ಟಾದರೂ ಅವರಲ್ಲೊಬ್ಬನನ್ನೇ ಇಳಿಸಬೇಕು, ಪಯಾನೊರನ್ನಲ್ಲ, ಎಂಬ ರದಮೇಸ್ ಅಪ್ಪಣೆ ಬೆಳಿಗ್ಗೆಯೇ ದೋನ್ ಫೌಸ್ತೊಗೆ ಆಗಿತ್ತು. ಅವರು ಹೊರಗೆ ಬಂದು, ಮೇಲಿನ ಗಾಜಿನ ಕೋಣೆಯಲ್ಲಿ ನಿಂತಿದ್ದ ರದಮೇಸ್ ಕಡೆ ಒಂದು ಸಲ ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಹಿಂದಕ್ಕೆ ತಿರುಗದೆಯೇ ಹೇಳಿದರು, "ಎಲಿಹಿಯೊ, ಎರಡನೇ ಬೇಸ್."

ಅವರು ಪುಟ್ಟ ಕೈಗವಸು ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತೇ ಇದ್ದರು.

ಆರನೆಯದರಲ್ಲಿ ಎರಡು, ಏಳನೆಯದರಲ್ಲಿ ಒಂದು, ಚೆಂಡು ಅವರ ಕಡೆ ಬಂತು. ಮೂರೂ ಔಟ್. ಶಿಳ್ಳೆ ನಿಂತಿರಲಿಲ್ಲ, ತೆಳುವಾಯಿತು. ಏಳರ ಕೊನೆಯಲ್ಲಿ ನಮ್ಮವರು ಒಂದು ಓಟ ಪಡೆದು ಮೂರಕ್ಕೆ ಎರಡಾಯಿತು. ಎಂಟನೆಯದರಲ್ಲಿ ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ನಮ್ಮ ಕ್ಯಾಚರ್‌ನ ಹೆಬ್ಬೆರಳನ್ನು ಸೀಳಿತು. ಬದಲಿ ಕ್ಯಾಚರ್ ಎರಡು ದಿನದಿಂದ ಜ್ವರದಲ್ಲಿ ಮನೆಯಲ್ಲಿ ಮಲಗಿದ್ದ. ಈ ಸಲ ದೋನ್ ಫೌಸ್ತೊ ಬಾಯಿಯನ್ನೂ ತೆರೆಯಲಿಲ್ಲ, ಮೇಲೂ ನೋಡಲಿಲ್ಲ. ಪಯಾನೊ ಎರಡನೇ ಬೇಸಿನಿಂದ ನಡೆದುಬಂದು ಕ್ಯಾಚರ್‌ನ ಮುಖವಾಡ, ಎದೆಗಾಪು, ಕಾಲುಪಟ್ಟಿ ಕಟ್ಟಿಕೊಳ್ಳತೊಡಗಿದರು. ಹೊರಮೈದಾನದ ಆ ಇಬ್ಬರಲ್ಲೊಬ್ಬ ಹೆದರುತ್ತಲೇ ಎರಡನೇ ಬೇಸಿಗೆ ಹೋಗಿ ನಿಂತ. ನನ್ನ ಪಕ್ಕದ ಮುದುಕ, ಮೊದಲ ಇನ್ನಿಂಗ್ಸಿನಿಂದ ಬೈಯುತ್ತಿದ್ದವನು, ಈಗ ಬಗ್ಗಿ ತನ್ನ ಕಾಲನ್ನೇ ನೋಡುತ್ತ ಕೂತಿದ್ದ.

ಒಂಬತ್ತನೆಯ ಇನ್ನಿಂಗ್ಸ್. ಕರೇಯೆಸ್‌ನ ಇಬ್ಬರು ಔಟಾಗಿದ್ದಾರೆ. ಅವರ ನಾಯಕ ಒನೆಸಿಮೊ ಎರಡನೇ ಬೇಸಿನಲ್ಲಿ. ಅವನು ಓಟ ಪೂರ್ತಿಯಾಗುವ ಮನೆಬೇಸ್ ಮುಟ್ಟಿದರೆ ಆಟ ಸಮ, ಅವರ ಉಸಿರು ಉಳಿಯಿತು. ಬ್ಯಾಟುಗಾರ ಬಲ ಹೊರಮೈದಾನಕ್ಕೆ ಬಾರಿಸಿದ. ಒನೆಸಿಮೊ ಮೂರನೇ ಬೇಸನ್ನು ಸುತ್ತಿ ಮನೆಯ ಕಡೆಗೆ ನುಗ್ಗಿದ. ಬಲಗಡೆಯಿಂದ ಬಂದ ಎಸೆತ ಒಂದು ಗಜ ಆಚೆ ಬಿತ್ತು. ಪಯಾನೊ ಅದನ್ನು ನೆಲದಲ್ಲೇ ಬಾಚಿ, ತಮ್ಮ ಕೆಟ್ಟ ಮಂಡಿಯ ಮೇಲೆ ತಿರುಗಿ, ಎರಡೂ ಕೈಯಲ್ಲಿ ಹಿಡಿದ ಚೆಂಡನ್ನು ಅವನ ಮೈಗೆ ಮುಟ್ಟಿಸಲು ಅಡ್ಡ ಬಿದ್ದರು. ಧೂಳು ಇಳಿಯುವವರೆಗೆ ಯಾರಿಗೂ ಏನೂ ಕಾಣಲಿಲ್ಲ. ಅಂಪೈರ್ ಬಗ್ಗಿ ಕೈಗವಸಿನೊಳಗೆ ಇಣುಕಿ, ಮುಷ್ಟಿ ಎತ್ತಿದ. ಔಟ್. ಕರೇಯೆಸ್‌ನ ವರ್ಷ ಅಲ್ಲಿಗೆ ಮುಗಿಯಿತು.

ಒನೆಸಿಮೊ ಅಂಗಾತ ಬಿದ್ದವನು ಏಳಲಿಲ್ಲ. ಪಯಾನೊ ಪಕ್ಕದಲ್ಲೇ ಮಂಡಿ ಊರಿದ್ದರು. ಅವರಿಬ್ಬರೂ ಆಡಿದ ಮಾತನ್ನು ಹತ್ತಿರವಿದ್ದ ಅಂಪೈರ್ ಆಮೇಲೆ ಊರಿಗೆಲ್ಲ ಹೇಳಿದ.

"ಇವತ್ತು ನೀನು ಆ ಒಂಬತ್ತು ಜಾಗದ ವೇಷ ಹಾಕಿದ್ರೆ ನಾವು ಮೇಲೆ ಹೋಗ್ತಿದ್ವಲ್ಲೋ, ಪಾಪಿ."

"ಹೋಗ್ತಿದ್ರಿ. ಆಮೇಲೆ ಸಾಯೋವರ್ಗೂ ಪಯಾನೊ ಭಿಕ್ಷೆ ಹಾಕಿದ ಜಾಗ ಅಂತ ಕೇಳಿಸ್ಕೊಳ್ತಿದ್ರಿ. ಏಳು, ಕೈ ಕೊಡು. ಎಡಗೈ ಕೊಡು, ನನ್ನ ಬಲಗೈ ಮುರಿದಿದೆ."

ಉಂಗುರದ ಬೆರಳು ಎರಡು ಕಡೆ ಮುರಿದಿತ್ತು. ಮುಂದಿನ ಸುತ್ತಿನ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಬೆಳ್ಳಕ್ಕಿಗಳು ಫೈನಲಿನವರೆಗೆ ಹೋದರು. ಅಷ್ಟು ದೂರ ಕರೆದೊಯ್ದ ದೋನ್ ಫೌಸ್ತೊರನ್ನು ಮುಟ್ಟುವುದು ಯಾರಿಂದಲೂ ಆಗಲಿಲ್ಲ. ಪಯಾನೊಗೆ ಮಾತ್ರ ಫೆಬ್ರವರಿಯಲ್ಲಿ ಮೂರು ಸಾಲಿನ ಪತ್ರ ಬಂತು, ಹನ್ನೆರಡು ವರ್ಷದ ಸೇವೆಗೆ ಧನ್ಯವಾದ, ಮುಂದೆ ಅಗತ್ಯವಿಲ್ಲ. ಬೆರಳು ಕೂಡದಿದ್ದದ್ದರಿಂದ ಮೆಕ್ಸಿಕೊ ತಂಡವೂ ಕೈಬಿಟ್ಟಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರು ಬೇಸಿಗೆಯನ್ನು ಮನೆಯಲ್ಲಿ ಕಳೆದರು. ರದಮೇಸ್ ಅವರಿಗೆ ನಾನು ಫೋನು ಮಾಡಿ ಕೇಳಿದೆ. ಅವರು ಮರ್ಯಾದೆಯಿಂದಲೇ ಮಾತಾಡಿದರು: ಗೌರವವಾಗಿ ಬೀಳ್ಕೊಡಬೇಕೆಂದಿದ್ದೆವು, ಅವರಿಗೆ ಬೇಡವಾಯಿತು, ಅಷ್ಟೇ.

ಆ ಬೇಸಿಗೆ ಹಗುರವಾಗಿರಲಿಲ್ಲ ಎನ್ನುತ್ತಾರೆ ಯುಬೆಲ್ಕಿಸ್. ಏಪ್ರಿಲ್ ಪೂರ್ತಿ ಪಯಾನೊ ಬಲಗೈಯಲ್ಲಿ ಕಾಫಿ ಲೋಟ ಹಿಡಿಯಲಾಗದೆ ಒದ್ದಾಡಿದರು. ತರಬೇತಿ ಶಾಲೆಯ ಕೆಲಸ ಇನ್ನೂ ಖಾಲಿ ಇದೆ, ಒಂದು ಮಾತು ಕೇಳಿನೋಡು ಎಂದು ಅಣ್ಣ ಬಂದು ಬುದ್ಧಿ ಹೇಳಿದರು. ಪಯಾನೊ ಅಣ್ಣನಿಗೆ ಬಾಳೆಕಾಯಿಯ ಮಂಗೂ ಬಡಿಸಿ, ಹೊಟ್ಟೆ ತುಂಬ ಉಣ್ಣಿಸಿ ಕಳಿಸಿದರು, ಕೇಳಲು ಹೋಗಲಿಲ್ಲ. ಮೇ ತಿಂಗಳಲ್ಲಿ ನಾಲ್ಕೇ ಬೆರಳಲ್ಲಿ ಚೆಂಡು ಹಿಡಿದು ಎಸೆಯಲು ಶುರುಮಾಡಿದರು. ಚೆಂಡು ಬಲೆಗೆ ತಲುಪದೆ ನಡುವೆಯೇ ಬೀಳುತ್ತಿತ್ತು. ಯುಬೆಲ್ಕಿಸ್ ಅದನ್ನು ಹೆಕ್ಕಿ ತಂದುಕೊಡುತ್ತಿದ್ದರು.

"ನಾನು ಬೈದಿದ್ದೀನಿ, ಅತ್ತಿದ್ದೀನಿ" ಎನ್ನುತ್ತಾರೆ ಅವರು. "ಸಾಕು ಬಿಡಯ್ಯ, ಯಾರಿಗೆ ತೋರಿಸ್ಬೇಕು ಅಂತ ಕೇಳಿದೆ. ಯಾರಿಗೂ ಅಲ್ಲ, ಅವರು ಹೇಳಿದ ದಿನ ನಾನು ನಿಲ್ಲಲ್ಲ, ನಾನು ಹೇಳಿದ ದಿನ ನಿಲ್ತೀನಿ ಅಂದ. ಆಮೇಲೆ ನಾನೇ ಚೆಂಡು ಹೆಕ್ಕೋಕೆ ಹೋದೆ. ನಮ್ಮಪ್ಪನೂ ಹಿಂಗೇ ಇದ್ದ."

ಆಗಸ್ಟ್ ತಿಂಗಳಲ್ಲಿ ಒಂದು ಫೋನು ಬಂತು. ಒನೆಸಿಮೊನದು. ಅವನು ಆಟ ಬಿಟ್ಟು ಈಗ ಕರೇಯೆಸ್‌ನಲ್ಲೇ ಸಹಾಯಕ ತರಬೇತುದಾರ. ತನ್ನ ತಂಡದ ಮಾಲೀಕರ ಮುಂದೆ ಪಯಾನೊರ ಹೆಸರು ಇಟ್ಟವನೂ ಅವನೇ. ನಮ್ಮನ್ನು ಮನೆಗೆ ಕಳಿಸಿದ ಮುದುಕನನ್ನು ಯಾಕೆ ತರುತ್ತೀಯ ಎಂದು ಅವರು ಕೇಳಿದರಂತೆ. ಅದಕ್ಕೇ ತರುತ್ತಿದ್ದೇನೆ ಎಂದನಂತೆ ಒನೆಸಿಮೊ. ಫೋನಿನಲ್ಲಿ ಯಾವ ಜಾಗ ಬೇಕು ನಿನಗೆ ಎಂದು ಕೇಳಿದಾಗ ಪಯಾನೊ ಹೇಳಿದ್ದು ಇಷ್ಟು: ಯಾವ ಜಾಗ ಅಂತ ಕೇಳಬೇಡ, ಯಾವ ದಿನ ಅಂತ ಹೇಳು.

ಒಂದು ವರ್ಷದ ಒಪ್ಪಂದ. ಇನ್ನು ಮೂರು ವಾರಕ್ಕೆ ಚಳಿಗಾಲದ ಲೀಗ್ ಶುರು. ಊರಿನಲ್ಲಿ ಈಗ ಹೊಸ ಗೊಣಗಾಟ, ಹನ್ನೆರಡು ವರ್ಷ ಉಂಡ ಮನೆಗೆ ಎರಡು ಬಗೆದ ಎಂದು. ಮೊನ್ನೆ ಮೂಲೆಯಂಗಡಿಗೆ ಐಸ್ ತರಲು ಹೋದ ಪಯಾನೊರನ್ನು ಡಾಮಿನೊ ಆಡುತ್ತಿದ್ದವರು ತಡೆದು, ಆಮೆಗಳ ಅಂಗಿ ಹಾಕಿಕೊಂಡು ನಮ್ಮ ಮೈದಾನಕ್ಕೆ ಹೆಂಗೆ ಬರ್ತೀಯೋ ತೇಪೆ ಎಂದು ಕೆಣಕಿದರು. ಕರೇಯೆಸ್ ಎಂದರೆ ಕಡಲಾಮೆ. ನಡೆದೇ ಬರ್ತೀನಿ, ನೀವು ಕಿತ್ತಳೆ ತಿಂದು ಸಿಪ್ಪೆ ಇಟ್ಟುಕೊಂಡಿರಿ ಎಂದು ಹೇಳಿ ಅವರು ಐಸ್ ಹೊತ್ತು ಮನೆಗೆ ಬಂದರು. ಐಸ್ ಮಂಡಿಗೆ.

ಬಿಸಿಲು ಏರಿದೆ. ಕಾರ್ಖಾನೆಯ ಹೊಗೆಕೊಳವೆಯ ನೆರಳು ಮೈದಾನದ ನಡುವಿನವರೆಗೆ ಬಂದಿದೆ. ನಲವತ್ತು ಎಸೆತ ಮುಗಿದು ಯುಬೆಲ್ಕಿಸ್ ಬೈಕ್ ಟ್ಯಾಕ್ಸಿ ಹತ್ತಿ ಸಲೂನಿಗೆ ಹೋದರು. ಪಯಾನೊ ಬೆಂಚಿನ ಮೇಲೆ ಕಾಲು ಚಾಚಿ, ಥರ್ಮಾಸಿನಿಂದ ನನಗೂ ಕಾಫಿ ಬಗ್ಗಿಸಿದರು. ಬಲಗೈಯಲ್ಲೇ ಬಗ್ಗಿಸಿದರು. ಉಂಗುರದ ಬೆರಳು ಸೊಟ್ಟಗೆ ಕೂಡಿದೆ, ಚೆಂಡು ಎಸೆದರೆ ಸ್ವಲ್ಪ ಎಡಕ್ಕೆ ಬಾಗುತ್ತದಂತೆ. ಅದನ್ನೂ ಲೆಕ್ಕಕ್ಕೆ ಹಿಡಿದು ಗುರಿ ಇಡುವುದನ್ನು ಕಲಿತಿದ್ದಾರೆ.

ಇನ್ನೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದೆ. ಇಂಥ ಲೇಖನ ಬರೆಯುವವರು ಕೇಳುವ ಪ್ರಶ್ನೆ.  ಬೇಲಿಗೆ ಅಟ್ಟಿದ್ದ ಆಡುಗಳು ಮತ್ತೆ ಹೊರಮೈದಾನಕ್ಕೆ ನುಗ್ಗುವುದನ್ನು ಅವರು ನೋಡುತ್ತ ಕೂತರು. ಆಮೇಲೆ ನನಗೆ ಗೊತ್ತಿರದ ಒಂದು ಸಂಗತಿ ಹೇಳಿದರು. ಇಪ್ಪತ್ತು ವರ್ಷ, ಮೂರು ದೇಶ, ಹದಿನಾಲ್ಕು ತಂಡ. ಇಷ್ಟರಲ್ಲಿ, ಶಾರ್ಟ್‌ಸ್ಟಾಪ್ ಆಡಿದ ಆ ಮೂರು ವರ್ಷವೂ ಸೇರಿ, ಒಂದೇ ಒಂದು ಸಲವೂ ಲೀಗಿನ ಮೊದಲ ದಿನದ ಮೊದಲ ಒಂಬತ್ತು ಹೆಸರುಗಳಲ್ಲಿ ಅವರ ಹೆಸರು ಬಂದಿಲ್ಲ. ಮೊದಲ ದಿನ ಎಲ್ಲರ ಮೈಯೂ ಗಟ್ಟಿಯಾಗಿರುತ್ತದೆ, ಎಲ್ಲಿಯೂ ತೂತಿರುವುದಿಲ್ಲ.

ಒನೆಸಿಮೊ ಈ ಸಲ ಕರೆಯಬಹುದಲ್ಲ ಎಂದೆ.

"ಕರೆದ್ರೆ ಚೆನ್ನಾಗಿರತ್ತೆ. ಅಮ್ಮ ರೇಡಿಯೊ ಹಾಕ್ಕೊಂಡು ಕೂತಿರ್ತಾಳೆ" ಎಂದರು ಪಯಾನೊ. ಕಾಫಿಯ ಚರಟವನ್ನು ಹುಲ್ಲಿಗೆ ಚೆಲ್ಲಿ ಎದ್ದು ನಿಂತರು. "ಕರೀದಿದ್ರೂ ಏನಿಲ್ಲ. ಮೊದಲನೇ ದಿನ ಯಾರು ಬೇಕಾದ್ರೂ ಆಡ್ತಾರೆ. ಆಟ ಶುರುವಾಗೋದು ಎರಡನೇ ದಿನದಿಂದ."